ರೋಸಿ ಎಂಬ ಕೋಳಿಯೂ ಮಾತಿನಲ್ಲಿ ಕಾಣದ ನರಿಯೂ

ಓದಲಿಕ್ಕೆ ಆರಂಭಿಸಿದ ಮಕ್ಕಳಲ್ಲಿ ಒಂದು ವಿಚಿತ್ರವನ್ನು ನಾವು ಆಗಾಗ್ಗೆ ಕಾಣುತ್ತೇವೆ. ಮಗುವು ಪಾಠವನ್ನೆಲ್ಲಾ ಗಟ್ಟಿಯಾಗಿ ಒಪ್ಪಿಸುವದು. ಆದರೆ ಪುಸ್ತಕವನ್ನು ತಲೆಕೆಳಗಾಗಿ ಹಿಡಿದುಕೊಟ್ಟರೂ ಹಾಗೆಯೇ ಒಪ್ಪಿಸುವದು. ಬಾಯಿ ಓದಿತೇ ಹೊರತು ಕಣ್ಣಾಗಲಿ ಮನಸ್ಸಾಗಲಿ ಓದಲಿಲ್ಲ. ಇಂಥ ಮಗುವಿಗೆ ಓದು ಎಂಬದು ಹೊರೆಯಾಗುವದು. ಶಾಲೆ ಬಿಟ್ಟ ಕೆಲವು ವರುಷಗಳೊಳಗೆ ಕಲಿತ ಅಕ್ಷರವೂ ಮರೆತುಹೋಗುವದುಂಟು. ಇದಕ್ಕೆ ಉಪಾಯವೇನೆಂದು ವಿಚಾರಿಸುವವರಿಗೆ ಒಂದು ಚಿಕ್ಕ ನಗೆಯ ಪುಸ್ತಕವು ಒಳ್ಳೇ ಪಾಠವನ್ನು ಕಲಿಸುತ್ತದೆ.

ಚಿತ್ರದಿಂದ ಓದು ಕಲಿಸುವದು ಹೊಸ ಸಂಗತಿಯಲ್ಲ. ಮೊರೇವಿಯ ದೇಶದವನಾದ ಕೊಮೇನಿಯುಸ್ ಎಂಬ ಪಂಡಿತನು ೧೬೫೮ರಲ್ಲಿ ನ್ಯೂರೆಂಬರ್ಗ್ ಪಟ್ಟಣದಲ್ಲಿ ಮಕ್ಕಳಿಗಾಗಿ ಒಂದು ಚಿತ್ರಪುಸ್ತಕವನ್ನು ಅಚ್ಚುಹಾಕಿಸಿದನು. ಕುರಿಮರಿ ಮೊದಲಾದ ಜೀವಿಗಳ ಕೂಗಿನಿಂದಲೇ ಅಕ್ಷರಗಳ ಧ್ವನಿಯನ್ನು ಅದರಲ್ಲಿ ಕಲಿಸಿದನು. ಅಲ್ಲಿ ಮಾತು ಹೇಳಿದ್ದನ್ನೇ ಚಿತ್ರವು ತೋರಿಸುತ್ತದೆ. ನಾವು ಈಗ ತಿಳಿಸುವ ಪುಸ್ತಕದಲ್ಲಾದರೋ, ಮಾತು ಹೇಳದ್ದನ್ನು ಚಿತ್ರವು ತೋರಿಸುತ್ತದೆ.

ಇಂಗ್ಲೆಂಡಿನ ಯಾರ್ಕ್‌ಶೈರ್ ಸೀಮೆಯಲ್ಲಿ ೧೯೪೨ರಲ್ಲಿ ಹುಟ್ಟಿದ ಪ್ಯಾಟ್ ಹಚಿನ್ಸ್ ಎಂಬಾಕೆಯು ತಾನೇ ಬರೆದು ತಾನೇ ಚಿತ್ರಿಸಿದ 'ರೋಸೀಸ್ ವಾಕ್' ಎಂಬ ಆ ಪುಸ್ತಕವು ೧೯೬೮ರಲ್ಲಿ ಪ್ರಕಟವಾಯಿತು. ಅದರ ಕಥೆಯಲ್ಲೆಲ್ಲಾ ಇರುವ ಇಂಗ್ಲಿಷ್ ಶಬ್ದಗಳು ೩೨ ಮಾತ್ರ, ವಾಕ್ಯವೋ ಒಂದೇ. ರೋಸಿ ಎಂಬ ಹೇಂಟೆಯು ಗೂಡಿನಿಂದ ಹೊರಟು ಅಂಗಳ, ಕೊಳ, ಹುಲ್ಲಿನ ಬಣವೆ, ಹಿಟ್ಟಿನ ಗಿರಣಿ, ಬೇಲಿ, ಜೇನುಪೆಟ್ಟಿಗೆ ಇವುಗಳ ಮಾರ್ಗವಾಗಿ ತಿರುಗಾಡಿ ಊಟದ ಹೊತ್ತಿಗೆ ಮನೆ ಸೇರಿತೆಂಬದೇ ಆ ವಾಕ್ಯದ ತಾತ್ಪರ್ಯ. ಮಾತನ್ನಷ್ಟೇ ಓದಿದವನು, ಇದರಲ್ಲಿ ವಿಶೇಷವೇನಿದೆ ಎಂದಾನು.

ಆದರೆ ಚಿತ್ರವನ್ನು ನೋಡಿರಿ! ಕೋಳಿಯ ಹಿಂದೆಯೇ ಒಂದು ನರಿ ಬರುತ್ತಿದೆ. ಅದು ಮೊದಲು ಹಾರಿದಾಗ, ಹುಲ್ಲು ಬಾಚುವ ಹಲ್ಲುಕೋಲನ್ನು ತುಳಿದು, ಕೋಲಿನ ಹಿಡಿಯಿಂದ ಮೋರೆಗೆ ಪೆಟ್ಟು ತಿನ್ನುತ್ತದೆ. ಎರಡನೇ ಸಾರಿ ಕೊಳದಲ್ಲಿ ಬೀಳುತ್ತದೆ. ಮೂರನೇ ಸಾರಿ ಹುಲ್ಲಿನೊಳಗೆ ಹೂತುಹೋಗುತ್ತದೆ. ಗಿರಣಿಯ ಬಳಿಯಲ್ಲಿ ಅದರ ಮೇಲೆ ಹಿಟ್ಟು ಸುರಿಯುತ್ತದೆ. ಬೇಲಿ ಹಾರಿ ಬಂಡಿಯೊಳಗೆ ಬೀಳಲು, ಆ ಬಂಡಿ ಉರುಳಿ ಜೇನುಪೆಟ್ಟಿಗೆಗಳಿಗೆ ತಗಲುತ್ತದೆ. ಜೇನುನೊಣಗಳು ನರಿಯನ್ನು ಅಟ್ಟಿಕೊಂಡು ಹೋಗುತ್ತವೆ. ಕೋಳಿಯಾದರೋ ಒಮ್ಮೆಯೂ ಹಿಂದಿರುಗಿ ನೋಡುವದಿಲ್ಲ. ನರಿ ಎಂಬ ಶಬ್ದವು ಆ ೩೨ ಶಬ್ದಗಳಲ್ಲಿ ಎಲ್ಲಿಯೂ ಇಲ್ಲ.

ಇದರಿಂದ ನಾವು ಕಲಿಯತಕ್ಕದ್ದೇನು?

ಮೊದಲನೇದು. ಓದುವ ದೊಡ್ಡವರು ಹೇಳದ ಸಂಗತಿಯನ್ನು ಮಗುವು ತಾನಾಗಿ ಕಂಡು, "ಅಗೋ, ನರಿ!" ಎಂದು ಕೂಗುವದು. ಆ ಗಳಿಗೆಯಿಂದ ಅದು ಒಪ್ಪಿಸುವ ಗಿಣಿಯಲ್ಲ. ಪುಟವನ್ನು ಶೋಧಿಸುವ ಓದುಗನು. ಆದಕಾರಣ ದೊಡ್ಡವರು ಅವಸರಪಟ್ಟು ನರಿಯನ್ನು ಬೆರಳಿಟ್ಟು ತೋರಿಸಬಾರದು. ಮಗುವಿಗೆ ಸಿಕ್ಕತಕ್ಕ ಸಂತೋಷವನ್ನು ನಾವೇ ಕಸಕೊಳ್ಳುವದು ಯಾಕೆ?

ಎರಡನೇದು. ಆ ಪುಸ್ತಕದಲ್ಲಿ ನರಿಯು ಹಾರುವ ಪುಟವಾದ ಮೇಲೆ ಮಾತಿಲ್ಲದ ಪುಟವು ಬರುತ್ತದೆ. ನರಿಯ ಗತಿ ಏನಾಯಿತೆಂಬದು ಅಲ್ಲಿ ಕಾಣುತ್ತದೆ. ಪುಟ ತಿರುಗಿಸುವದಕ್ಕೆ ಮುಂಚೆ ಕೊಂಚ ತಡೆದು, "ಇನ್ನೇನಾಗುವದು?" ಎಂದು ಕೇಳಿರಿ. ಮುಂದಾಗುವದನ್ನು ಊಹಿಸಿ, ಆಮೇಲೆ ನೋಡಿ ಸರಿಮಾಡಿಕೊಳ್ಳುವದೇ ಓದಿನ ಜೀವಾಳ.

ಮೂರನೇದು. ಅಕ್ಷರ ಬಾರದ ತಂದೆತಾಯಿಗಳು, "ನಮಗೆ ಓದು ಬಾರದು, ಮಗುವಿಗೆ ಏನು ಹೇಳಿಕೊಡೋಣ?" ಎಂದು ನಾಚಿ ದೂರ ಕೂತುಕೊಳ್ಳುತ್ತಾರೆ. ಇಂಥ ಪುಸ್ತಕದಲ್ಲಿ ಕಥೆಯ ಅರ್ಧಭಾಗವು ಚಿತ್ರದಲ್ಲಿರುವದರಿಂದ ಅವರೂ ಮಗುವಿನ ಮಗ್ಗುಲಲ್ಲಿ ಕೂತು ಓದಬಹುದು. ಕೋಳಿಯ ನಡೆಯನ್ನೂ ನರಿಯ ಹೊಂಚನ್ನೂ ಒಕ್ಕಲಿನ ಮನೆಯವರಿಗಿಂತ ಚೆನ್ನಾಗಿ ಬಲ್ಲವರಾರು? ಮಗುವು ಮಾತನ್ನು ಓದಲಿ, ತಾಯಿಯು ಚಿತ್ರವನ್ನು ಹೇಳಲಿ. ಇಬ್ಬರೂ ಕೂಡಿ ನಗಲಿ. ನಗುತ್ತಾ ಕಲಿತದ್ದನ್ನು ಮಗುವು ಮತ್ತೆ ಮತ್ತೆ ಬೇಡಿಕೊಂಡು ಓದುವದು. ಹಾಗೆ ಓದಿದ್ದರಿಂದಲೇ ಅಕ್ಷರವು ನಿಲ್ಲುವದು.

ಪುಸ್ತಕವು ಸಿಕ್ಕದವರು ಇದೇ ರೀತಿಯ ಪಾಠವನ್ನು ತಮ್ಮ ಹಿತ್ತಲಲ್ಲೇ ಮಾಡಬಹುದು. ಸಂಜೆ ನಿಮ್ಮ ಕೋಳಿಯು ಗೂಡು ಸೇರುವ ತನಕ ಮಗುವು ಅದನ್ನು ನೋಡಲಿ. ಅದು ತಿಪ್ಪೆಯ ಮೇಲೆ ಹತ್ತಿತೋ, ಬಂಡಿಯ ಕೆಳಗೆ ನುಸುಳಿತೋ, ಬಾವಿಯ ಸುತ್ತ ತಿರುಗಿತೋ ಎಂಬದನ್ನು ಒಂದೇ ವಾಕ್ಯದಲ್ಲಿ ಹಲಗೆಯ ಮೇಲೆ ಬರೆಯಲಿ. ಮೇಲೆ, ಕೆಳಗೆ, ಸುತ್ತ, ನಡುವೆ ಎಂಬ ಶಬ್ದಗಳು ಹೀಗೆ ಕಾಲಿನಿಂದಲೂ ಕಣ್ಣಿನಿಂದಲೂ ಕಲಿತಂತಾಗುವವು. ಬಳಿಕ ಆ ವಾಕ್ಯವು ಹೇಳದ ಯಾವದಾದರೂ ಒಂದು ಬೆಕ್ಕನ್ನೋ ನಾಯಿಯನ್ನೋ ಪಕ್ಕದಲ್ಲಿ ಬರೆದು ತೋರಿಸಲಿ.

ಕಡೆಯಲ್ಲಿ ಮಕ್ಕಳನ್ನು ಕೇಳತಕ್ಕ ಪ್ರಶ್ನೆಗಳು:

೧. ನರಿಯು ಎಷ್ಟು ಸಾರಿ ಹಾರಿತು? ಪ್ರತಿ ಸಾರಿ ಅದಕ್ಕೆ ಏನಾಯಿತು?

೨. ನರಿಯ ಹೆಸರನ್ನು ಹೇಳದೆ ಇದ್ದದ್ದರಿಂದ ನಗು ಹೆಚ್ಚಿತೋ ಕಡಿಮೆಯಾಯಿತೋ?

೩. ಹಿಂದೆ ನರಿ ಇದೆಯೆಂದು ರೋಸಿಗೆ ತಿಳಿದಿತ್ತೋ ಇಲ್ಲವೋ?

ಈ ಮೂರನೇ ಪ್ರಶ್ನೆಗೆ ಪುಸ್ತಕದಲ್ಲಿ ಉತ್ತರವಿಲ್ಲ. ಕೆಲವು ಮಕ್ಕಳು ತಿಳಿದಿತ್ತೆನ್ನುವರು, ಕೆಲವರು ಇಲ್ಲವೆನ್ನುವರು. ಅವರನ್ನು ತಡೆಯದೆ ವಾದಿಸಬಿಡಿರಿ; ಉತ್ತರವನ್ನು ಹುಡುಕಲಿಕ್ಕೆ ಅವರು ತಾವಾಗಿಯೇ ಪುಸ್ತಕವನ್ನು ಪುನಃ ತೆರೆಯುವರು.