ಹಿರಿಯರನ್ನು ಇಡಿಯಾಗಿ ನೆನೆಯೋಣ



ನಿಮ್ಮ ಅಜ್ಜನ ಅಜ್ಜನ ಹೆಸರು ನಿಮಗೆ ಗೊತ್ತೆ? ಅವರು ಕಂಡ ಕಷ್ಟವೇನು, ಆ ಕಷ್ಟದಲ್ಲಿ ದೇವರನ್ನು ಹೇಗೆ ನಂಬಿದರು ಎಂದು ಮಕ್ಕಳಿಗೆ ಹೇಳಬಲ್ಲಿರಾ? ಅನೇಕ ಮನೆಗಳಲ್ಲಿ ಮೂರು ತಲೆಮಾರು ದಾಟಿದರೆ ಹೆಸರೂ ಉಳಿಯುವುದಿಲ್ಲ.

ಆದರೆ ಹತ್ತೊಂಬತ್ತನೆಯ ಶತಮಾನದ ಒಬ್ಬ ಹಿರಿಯರನ್ನು ನಮ್ಮ ಸೀಮೆ ಮರೆತಿಲ್ಲ. ಬೆಳ್ಳಟ್ಟಿ, ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆ ಜನರು ತಾಳ ಹಿಡಿದು ಭಜನೆಗೆ ಕುಳಿತರೆ ಅವರ ಪದ ಬಂದೇ ಬರುತ್ತದೆ. ಅವರೇ ಶಿಶುನಾಳ ಶರೀಫರು.

1819ರಲ್ಲಿ, ಈಗಿನ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲೂಕಿನ ಶಿಶುನಾಳದಲ್ಲಿ ಅವರು ಹುಟ್ಟಿದರು. ಮುಲ್ಕಿ ಪರೀಕ್ಷೆ ಪಾಸಾಗಿ ಶಾಲಾ ಮಾಸ್ತರರಾದರು. ಆ ಕೆಲಸ ಬಿಟ್ಟು, ಕಳಸದ ಗೋವಿಂದಭಟ್ಟರ ಶಿಷ್ಯರಾದರು. ಬ್ರಾಹ್ಮಣ ಗುರು, ಮುಸಲ್ಮಾನ ಶಿಷ್ಯ! ಎರಡೂ ಕಡೆಯವರು ಆಕ್ಷೇಪಿಸಿದರು. ಗುರುವೂ ಕೈಬಿಡಲಿಲ್ಲ, ಶಿಷ್ಯನೂ ಬಿಡಲಿಲ್ಲ. ಮಗಳನ್ನೂ ಮಡದಿಯನ್ನೂ ಕಳೆದುಕೊಂಡರು, ಬಡತನ ಉಂಡರು. ಆದರೂ ಮನೆ, ಮಗ್ಗ, ಗಿರಣಿ ಮುಂತಾಗಿ ಕಣ್ಣಿಗೆ ಕಂಡುದರಲ್ಲೆಲ್ಲ ದೇವರ ಗುರುತು ಹುಡುಕಿ ಹಾಡಿದರು. 1889ರಲ್ಲಿ ತೀರಿಕೊಂಡಾಗ ಹಿಂದೂಗಳೂ ಮುಸಲ್ಮಾನರೂ ಕೂಡಿ ಅವರಿಗೆ ಅಂತಿಮ ಗೌರವ ಸಲ್ಲಿಸಿದರೆಂದು ಜನ ಹೇಳುತ್ತಾರೆ.

ಶರೀಫರು ನಮ್ಮ ಧರ್ಮಸಭೆಯವರಲ್ಲ, ನಿಜ. ಆದರೆ ಅನ್ಯಧರ್ಮಗಳಲ್ಲಿರುವ ಸತ್ಯವನ್ನೂ ಪಾವಿತ್ರ್ಯವನ್ನೂ ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸಾರಿತು. ಹಿರಿಯರ ಸ್ಮರಣೆಯ ಕುರಿತು ಇವರಿಂದ ನಾವು ಎರಡು ಪಾಠ ಕಲಿಯಬಹುದು.

ಮೊದಲನೆಯದು, ಬಾಯಿಂದ ಬಾಯಿಗೆ ಹೇಳಿದ್ದರಿಂದಲೇ ಅವರು ಉಳಿದರು. ಪದಗಳು ಅಚ್ಚಾಗುವ ಮೊದಲು ಹಳ್ಳಿಯ ಹಾಡುಗಾರರ ನಾಲಗೆಯ ಮೇಲಿದ್ದವು. ತಿಮೊಥೇಯನ ವಿಶ್ವಾಸ ಮೊದಲು ಅವನ ಅಜ್ಜಿ ಲೋವಿಯಲ್ಲಿ, ಬಳಿಕ ತಾಯಿ ಯೂನಿಕೆಯಲ್ಲಿ ಇತ್ತೆಂದು ಸಂತ ಪೌಲರೂ ನೆನಪಿಸುತ್ತಾರೆ. ವಿಶ್ವಾಸ ಹೀಗೆ ಅಡುಗೆಮನೆಯ ದಾರಿಯಿಂದಲೇ ಇಳಿದು ಬರುತ್ತದೆ.

ಎರಡನೆಯದು, ಅವರನ್ನು ಇಡಿಯಾಗಿ ನೆನೆಯಬೇಕು. ಗೋವಿಂದಭಟ್ಟರನ್ನು ಬಿಟ್ಟು ಶರೀಫರ ಕಥೆ ಹೇಳಲಾಗದು. ಶರೀಫ ಎಂಬ ಹೆಸರನ್ನು ಮರೆಮಾಡಿಯೂ ಹೇಳಲಾಗದು. ನಾವೋ, ನಮ್ಮ ಹಿರಿಯರ ಸಾಲ, ಕುಡಿತ, ಜಗಳ, ಜಾತಿ ಎಲ್ಲವನ್ನೂ ಮುಚ್ಚಿಟ್ಟು ಗೋಡೆಯ ಫೋಟೋಕ್ಕೆ ಹಾರ ಹಾಕುತ್ತೇವೆ. ಸಂತ ಮತ್ತಾಯನು ಯೇಸುವಿನ ವಂಶಾವಳಿ ಬರೆಯುವಾಗ ತಾಮಾರಳನ್ನು ಬಿಡಲಿಲ್ಲ. ವೇಶ್ಯೆ ರಾಹಾಬಳನ್ನೂ ಪರನಾಡಿನ ರೂತಳನ್ನೂ ಬಿಡಲಿಲ್ಲ. ಅಂಥ ಮನೆತನದಲ್ಲೇ ಪ್ರಭು ಹುಟ್ಟಿಬಂದರು. ಎಡವಿದ ಅಜ್ಜ ಮತ್ತೆ ಎದ್ದು ದೇವರ ಮುಂದೆ ಮೊಣಕಾಲೂರಿದ್ದನ್ನು ಕೇಳಿದ ಮೊಮ್ಮಗ, ತಾನು ಎಡವಿದಾಗ ಧೈರ್ಯಗೆಡುವುದಿಲ್ಲ.

ಈ ವಾರ ಮನೆಯಲ್ಲಿ:

1. ಜಪಮಾಲೆಯ ನಂತರ ಮನೆಯ ಹಿರಿಯರನ್ನು ಕೇಳಿರಿ: 1876–78ರ ಬರದಲ್ಲಿ ನಮ್ಮವರು ಹೇಗೆ ಬದುಕಿದರೆಂದು ನಿಮಗೆ ಯಾರಾದರೂ ಹೇಳಿದ್ದುಂಟೆ?

2. ನಮ್ಮ ಕುಟುಂಬಕ್ಕೆ ವಿಶ್ವಾಸ ಯಾರ ಮೂಲಕ ಬಂತು? ತಿಳಿದಷ್ಟನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಡಿ.

3. ಅವರಿಗೆ ಆಸರೆಯಾದ ಬೇರೆ ಜಾತಿ, ಬೇರೆ ಧರ್ಮದ ನೆರೆಯವರ ಹೆಸರನ್ನೂ ಅದರಲ್ಲಿ ಸೇರಿಸಿರಿ, ಅವರಿಗಾಗಿಯೂ ಪ್ರಾರ್ಥಿಸಿರಿ.

ಮುಂದೂಡಬೇಡಿ. ಹೇಳಬಲ್ಲ ಅಜ್ಜಿ ಇಂದು ಕಟ್ಟೆಯ ಮೇಲೆ ಕುಳಿತಿದ್ದಾಳೆ. ನಾಳೆ ಕೇಳೋಣವೆಂದರೆ ಆ ಕಟ್ಟೆ ಬರಿದಾಗಿರಬಹುದು.