ಏಜೆಂಟರ ಕೈಗೆ ಪಾಸ್‌ಪೋರ್ಟ್ ಕೊಡುವ ಮುನ್ನ

“ದುಡ್ಡು ಹೋದರೆ ಹೋಗಲಿ, ಪಾಸ್‌ಪೋರ್ಟಾದರೂ ವಾಪಸ್ ಕೊಡಿಸಿ.” ಗಲ್ಫ್ ಕೆಲಸದ ಆಸೆಗೆ ಏಜೆಂಟರ ಬಾಗಿಲು ತಿರುಗಿ ಸೋತವರ ಬಾಯಲ್ಲಿ ಬರುವ ಮಾತಿದು. ಮೆಡಿಕಲ್‌ಗೆಂದು ಒಂದಷ್ಟು, ವೀಸಾಕ್ಕೆಂದು ಇನ್ನಷ್ಟು, ಟಿಕೆಟ್‌ಗೆಂದು ಮತ್ತಷ್ಟು ಕೊಟ್ಟಿರುತ್ತಾರೆ. ಎಲ್ಲವೂ ಕೈಯಿಂದ ಕೈಗೆ, ಒಂದು ಚೀಟಿಯೂ ಇಲ್ಲ. ತಿಂಗಳುಗಟ್ಟಲೆ ‘ಮುಂದಿನ ವಾರ ಬನ್ನಿ’ ಎಂದ ಮನುಷ್ಯ ಕೊನೆಗೆ ಫೋನ್ ಎತ್ತುವುದನ್ನೇ ಬಿಡುತ್ತಾನೆ. ಮೋಸ ಹೋದವರು ತಮ್ಮ ದಡ್ಡತನಕ್ಕೆ ತಾವೇ ನಾಚಿ ಸುಮ್ಮನಾಗುತ್ತಾರೆ. ಸಾಲ ಮಾತ್ರ ಸುಮ್ಮನಿರುವುದಿಲ್ಲ.

ಪಾಸ್‌ಪೋರ್ಟಿನ ವಿಷಯವನ್ನೇ ಮೊದಲು ಹೇಳುತ್ತೇನೆ. 1967ರ ಪಾಸ್‌ಪೋರ್ಟ್ ಕಾಯ್ದೆಯ 17ನೇ ಕಲಮಿನ ಪ್ರಕಾರ ಅದು ಸದಾ ಕೇಂದ್ರ ಸರ್ಕಾರದ ಸ್ವತ್ತು. ವೀಸಾ ಸ್ಟಾಂಪಿಂಗ್‌ಗೆ ಏಜೆಂಟರ ಕೈಗೆ ಕೊಡಬೇಕಾದೀತು, ಆದರೆ ಬಾಕಿ ಹಣಕ್ಕೆ ಅದನ್ನು ಅಡವಿನಂತೆ ಇಟ್ಟುಕೊಳ್ಳುವ ಹಕ್ಕು ಯಾವ ಏಜೆಂಟರಿಗೂ ಇಲ್ಲ. ಕೊಡುವಾಗ ತಾರೀಖು ಹಾಕಿದ ರಸೀದಿ ಪಡೆಯಿರಿ. ಮೂಲ ಅಂಕಪಟ್ಟಿಗಳನ್ನಂತೂ ಬಿಟ್ಟು ಬರಲೇಬೇಡಿ, ಜೆರಾಕ್ಸ್ ಸಾಕು.

ಹೊರದೇಶಕ್ಕೆ ಕೆಲಸಗಾರರನ್ನು ಕಳಿಸುವವರನ್ನು 1983ರ ಎಮಿಗ್ರೇಷನ್ ಕಾಯ್ದೆ ಕಟ್ಟಿಹಾಕಿದೆ. ವಿದೇಶಾಂಗ ಸಚಿವಾಲಯದಲ್ಲಿ ನೋಂದಣಿಯಾಗದೆ ಯಾರೂ ಈ ವ್ಯವಹಾರ ಮಾಡುವಂತಿಲ್ಲ. ನೋಂದಾಯಿತ ಏಜೆಂಟರ ಲೈಸೆನ್ಸ್ ಸಂಖ್ಯೆ ಕಚೇರಿಯ ಗೋಡೆಯ ಮೇಲೂ ಜಾಹೀರಾತಿನಲ್ಲೂ ಇರಬೇಕು. ಅದು ನಿಜವೋ, ಅವಧಿ ಮುಗಿದಿದೆಯೋ ಎಂಬುದನ್ನು ಇ-ಮೈಗ್ರೇಟ್ ಜಾಲತಾಣದಲ್ಲಿ ಐದು ನಿಮಿಷದಲ್ಲಿ ನೋಡಬಹುದು. ತೊಂದರೆ ಶುರುವಾಗುವುದು ಬಹಳ ಸಲ ದೊಡ್ಡ ಕಚೇರಿಯಲ್ಲಲ್ಲ, ಊರಿನ ಸಬ್ ಏಜೆಂಟರಿಂದ. ಆತ ಪರಿಚಯದವನು, ಕೆಲವೊಮ್ಮೆ ನೆಂಟನೂ ಹೌದು. ‘ನಮ್ಮ ಕಂಪನಿಗೆ ಲೈಸೆನ್ಸ್ ಇದೆ’ ಎನ್ನುತ್ತಾನೆ. ಆ ಲೈಸೆನ್ಸ್ ಇರುವುದು ಕಂಪನಿಗೆ, ಅವನಿಗಲ್ಲ.

ಇನ್ನು ಹಣ. ನೋಂದಾಯಿತ ಏಜೆಂಟರು ಕೆಲಸಗಾರರಿಂದ ಪಡೆಯಬಹುದಾದ ಸೇವಾ ಶುಲ್ಕದ ಗರಿಷ್ಠ ಮಿತಿ 30,000 ರೂಪಾಯಿ. ಶೇ 18ರ ಜಿಎಸ್‌ಟಿ ಸೇರಿದರೆ 35,400. ಅದಕ್ಕೂ ರಸೀದಿ ಕೊಡಲೇಬೇಕು. ಸೇವಾ ಶುಲ್ಕವೆಂದು ಲಕ್ಷ, ಒಂದೂವರೆ ಲಕ್ಷ ಕೇಳಿದರೆ ಆ ಏಜೆಂಟರು ನಿಯಮ ಮುರಿದಿದ್ದಾರೆ ಎಂದೇ ಅರ್ಥ.

‘ಸದ್ಯ ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿಗೆ ಹೋದಮೇಲೆ ಬದಲಾಯಿಸೋಣ’ ಎಂಬ ಮಾತಿಗೆ ಮಾತ್ರ ಎಂದೂ ಒಪ್ಪಬೇಡಿ. ಹತ್ತನೇ ತರಗತಿ ಪಾಸಾಗದವರು ಸಾಮಾನ್ಯವಾಗಿ ಇಸಿಆರ್ (ಎಮಿಗ್ರೇಷನ್ ತಪಾಸಣೆ ಅಗತ್ಯ) ಪಾಸ್‌ಪೋರ್ಟ್ ಹೊಂದಿರುತ್ತಾರೆ. ಅವರು ಸೌದಿ, ಕುವೈತ್, ಕತಾರ್, ಮಲೇಷ್ಯಾ ಮೊದಲಾದ ದೇಶಗಳಿಗೆ ಕೆಲಸಕ್ಕೆ ಹೊರಟಾಗ ಎಮಿಗ್ರೇಷನ್ ಅನುಮತಿ ಬೇಕು. ಈ ಅನುಮತಿಗೆ ಮುನ್ನ ಸಂಬಳ, ಕೆಲಸದ ಕರಾರು ಸರ್ಕಾರದ ಕಡತಕ್ಕೆ ಸೇರುತ್ತದೆ. ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆಯೂ ಆಗುತ್ತದೆ. ಎರಡು ವರ್ಷಕ್ಕೆ 275 ರೂಪಾಯಿ ಕಂತು, ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷ ಪರಿಹಾರ. ವಿಸಿಟ್ ವೀಸಾದಲ್ಲಿ ಹೋದವರಿಗೆ ಇವೆರಡೂ ಇಲ್ಲ. ರಷ್ಯಾದಲ್ಲಿ ಸೆಕ್ಯುರಿಟಿ ಕೆಲಸವೆಂದು ನಂಬಿ ಹೋದ ಕಲಬುರಗಿ ಕಡೆಯ ಯುವಕರು ಉಕ್ರೇನ್ ಯುದ್ಧದ ನಡುವೆ ಸಿಕ್ಕಿಬಿದ್ದ ಸುದ್ದಿ 2024ರಲ್ಲಿ ಬಂದಾಗ ನಾಡೇ ಬೆಚ್ಚಿತ್ತು.

ಮೋಸವಾದರೆ ಇ-ಮೈಗ್ರೇಟ್‌ನಲ್ಲಿ ದೂರು ದಾಖಲಿಸಿ. ಪೊಲೀಸ್ ಠಾಣೆಗೂ ಲಿಖಿತ ದೂರು ಕೊಡಿ. ಎಮಿಗ್ರೇಷನ್ ಕಾಯ್ದೆಯಡಿ ಶಿಕ್ಷೆ ಎರಡು ವರ್ಷದವರೆಗೆ ಜೈಲು, 2,000 ರೂಪಾಯಿವರೆಗೆ ದಂಡ. ಒಂದು ಮನೆಯ ಚಿನ್ನವೆಲ್ಲ ಅಡವಿಗೆ ಹೋದ ಮೋಸಕ್ಕೆ ಈ ದಂಡ ಏನೇನೂ ಅಲ್ಲ. ಆದ್ದರಿಂದ ಭಾರತೀಯ ನ್ಯಾಯ ಸಂಹಿತೆಯ 318(4)ನೇ ಕಲಮನ್ನೂ ಸೇರಿಸುವಂತೆ ಕೇಳಿ. ವಂಚನೆಗೆ ಅದರಲ್ಲಿ ಏಳು ವರ್ಷದವರೆಗೆ ಶಿಕ್ಷೆಯಿದೆ. ‘ಇದು ನಮ್ಮ ಠಾಣೆಯ ವ್ಯಾಪ್ತಿಗೆ ಬರೋದಿಲ್ಲ’ ಎಂದು ಠಾಣೆಯವರು ಕಳಿಸುವಂತಿಲ್ಲ. ಯಾವ ಠಾಣೆಯಲ್ಲಾದರೂ ಎಫ್‌ಐಆರ್ ದಾಖಲಿಸಬಹುದೆಂದು ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ಹೇಳುತ್ತದೆ. ಹಣ ಆನ್‌ಲೈನ್‌ನಲ್ಲಿ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಬೆಂಗಳೂರಿನಂಥ ಊರುಗಳಲ್ಲಿ ‘ರಿಜಿಸ್ಟ್ರೇಷನ್ ಫೀಸ್’ ಪಡೆದು ಇಲ್ಲದ ಇಂಟರ್ವ್ಯೂಗೆ ಕಳಿಸುವ ಕನ್ಸಲ್ಟೆನ್ಸಿಗಳ ಕಥೆ ಬೇರೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 181ನೇ ಒಡಂಬಡಿಕೆ ಕೆಲಸ ಹುಡುಕುವವರಿಂದ ಶುಲ್ಕ ಪಡೆಯಬಾರದು ಎನ್ನುತ್ತದೆ. ಭಾರತ ಅದನ್ನು ಇನ್ನೂ ಅಂಗೀಕರಿಸಿಲ್ಲ, ಅಂಗೀಕರಿಸಲೇಬೇಕು. ಅಲ್ಲಿಯವರೆಗೆ ಇರುವ ದಾರಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಹಣ ಪಡೆದು ಹೇಳಿದ ಸೇವೆ ಕೊಡದಿದ್ದರೆ ಅದು ಸೇವಾ ನ್ಯೂನತೆ. ಎರಡು ವರ್ಷದೊಳಗೆ, ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ವಕೀಲರೂ ಕಡ್ಡಾಯವಲ್ಲ. ಬೇಕೆನಿಸಿದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ 15100.

ರಸೀದಿ ಇಲ್ಲವೆಂದು ಕೈಚೆಲ್ಲಬೇಡಿ. ಫೋನ್‌ಪೇ ದಾಖಲೆ, ವಾಟ್ಸ್‌ಆ್ಯಪ್ ಧ್ವನಿ ಸಂದೇಶ, ಬ್ಯಾಂಕ್ ಪಾಸ್‌ಬುಕ್‌ನ ಒಂದು ಸಾಲು ಎಲ್ಲವೂ ಸಾಕ್ಷ್ಯವೇ. ಏಜೆಂಟ್ ಸಿಟ್ಟಾದಾನೆಂದು ಅವನ ಚಾಟ್ ಅಳಿಸಬೇಡಿ.

ಎಮಿಗ್ರೇಷನ್ ಕಾಯ್ದೆಯಡಿ ಮೊಕದ್ದಮೆ ಹೂಡಲು ಸಾಮಾನ್ಯವಾಗಿ ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕು. ಮೋಸ ಹೋದವರೇ ದೂರು ಕೊಟ್ಟರೆ ಅದು ಬೇಕಿಲ್ಲ ಎಂದು 27ನೇ ಕಲಮು ವಿನಾಯಿತಿ ಕೊಟ್ಟಿದೆ. ಮಗ ಮರಳುಗಾಡಿನ ಯಾವುದೋ ಕ್ಯಾಂಪಿನಲ್ಲಿ ಸಿಕ್ಕಿಕೊಂಡು ಬರಲಾಗದಿದ್ದರೆ, ಅವನ ಪರವಾಗಿ ಊರಿನಲ್ಲಿರುವ ತಾಯಿಯೇ ಆ ದೂರು ಕೊಡಬಹುದು.