ಬಿಡುಗಡೆಯಾಗದ ಧ್ವನಿಮುದ್ರಣಗಳು: ದಾಸ್ತಾನು ಪಟ್ಟಿಯಲ್ಲಿ ಕಾಣದ ಆಸ್ತಿ

ಪ್ರತಿ ವರ್ಷ ಮಾರ್ಚ್ 31ರ ದಾಸ್ತಾನು ಪಟ್ಟಿಯನ್ನು ಪರಿಶೀಲಿಸುವಾಗ ‘ಚಲನೆಯಿಲ್ಲದ ಸರಕು’ ಎಂಬ ಶೀರ್ಷಿಕೆ ಕಣ್ಣಿಗೆ ಬಿದ್ದೊಡನೆ ಲೆಕ್ಕಪರಿಶೋಧಕರಾದ ನಾವು ಅದರ ಮೌಲ್ಯವನ್ನು ತಗ್ಗಿಸಲು ಸೂಚಿಸುತ್ತೇವೆ. ವೆಚ್ಚ ಅಥವಾ ನಿವ್ವಳ ವಸೂಲಾತಿ ಮೌಲ್ಯ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನೇ ಹಿಡಿಯತಕ್ಕದ್ದೆಂಬುದು ನಿಯಮ. ನಿಯಮ ಸರಿಯಾಗಿಯೇ ಇದೆ. ಆದರೆ ಲೆಕ್ಕದಲ್ಲಿ ಸೊನ್ನೆಯಾದದ್ದೆಲ್ಲವೂ ವ್ಯವಹಾರದಲ್ಲಿಯೂ ಸೊನ್ನೆಯೇ ಎಂದು ಭಾವಿಸುವುದು ತಪ್ಪು. ಇದಕ್ಕೆ ಇಂಗ್ಲೆಂಡಿನ ಸಂಗೀತೋದ್ಯಮದಲ್ಲಿ ಒಂದು ಉತ್ತಮ ನಿದರ್ಶನವಿದೆ. ವಿಷಯ ನಮ್ಮ ಪೇಟೆಗೆ ದೂರವೆನಿಸಿದರೂ ಅದರ ಲೆಕ್ಕಾಚಾರ ನಮಗೆ ಪರಿಚಿತವಾದುದೇ ಆಗಿದೆ.

ಸಂಗೀತ ಮತ್ತು ಅದರ ಗ್ರಾಹಕ

1960ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ‘ಪ್ರೋಗ್ರೆಸಿವ್ ರಾಕ್’ ಎಂಬ ಸಂಗೀತ ಪ್ರಕಾರವು ಬೆಳೆಯಿತು. ಕಿಂಗ್ ಕ್ರಿಮ್ಸನ್, ಯೆಸ್, ಜೆನೆಸಿಸ್, ಪಿಂಕ್ ಫ್ಲಾಯ್ಡ್ ಮುಂತಾದವು ಇದರ ಪ್ರಮುಖ ತಂಡಗಳು. ಮೂರು ನಿಮಿಷಗಳ ಹಾಡಿನ ಬದಲು ಕೆಲವೊಮ್ಮೆ ಇಪ್ಪತ್ತು ನಿಮಿಷಗಳವರೆಗೆ ಸಾಗುವ ರಚನೆಗಳು ಇದರ ಲಕ್ಷಣ. ಅದರಲ್ಲಿಯೂ ಕಿಂಗ್ ಕ್ರಿಮ್ಸನ್ ತಂಡವು ವೇದಿಕೆಯ ಮೇಲೆ ಪೂರ್ವಸಿದ್ಧತೆಯಿಲ್ಲದೆ, ಮನೋಧರ್ಮಕ್ಕೆ ಅನುಸಾರವಾಗಿ ದೀರ್ಘಕಾಲ ನುಡಿಸುತ್ತಿತ್ತು. ಒಬ್ಬರೇ ವಿದ್ವಾಂಸರು ಎರಡು ಕಚೇರಿಗಳಲ್ಲಿ ಮಾಡಿದ ಒಂದೇ ರಾಗದ ಆಲಾಪನೆ ಹೇಗೆ ಒಂದೇ ಆಗಿರುವುದಿಲ್ಲವೋ, ಹಾಗೆಯೇ ಈ ತಂಡದ ಒಂದು ರಾತ್ರಿಯ ಕಾರ್ಯಕ್ರಮ ಮತ್ತೊಂದು ರಾತ್ರಿಯದರಂತೆ ಇರುತ್ತಿರಲಿಲ್ಲ.

ಇದರಿಂದ ಗ್ರಾಹಕನ ಸ್ವಭಾವವೇ ಬದಲಾಯಿತು. ಸಾಮಾನ್ಯ ಕೇಳುಗನಿಗೆ ಅಂಗಡಿಯಲ್ಲಿ ದೊರೆಯುವ ಒಂದು ಆಲ್ಬಮ್ ಸಾಕು. ಈ ಪ್ರಕಾರದ ಅಭಿಮಾನಿಗೆ ಆಲ್ಬಮ್ ಎಂಬುದು ಕೇವಲ ಮಾದರಿ. ಯಾವ ದಿನ, ಯಾವ ಊರಿನಲ್ಲಿ ತಂಡವು ಏನು ನುಡಿಸಿತೆಂಬುದನ್ನೆಲ್ಲ ಆತ ಕೇಳಬಯಸುತ್ತಾನೆ. ಆದರೆ ಧ್ವನಿಮುದ್ರಣ ಕಂಪನಿಗಳ ದೃಷ್ಟಿಯಲ್ಲಿ ವರ್ಷಕ್ಕೊಂದು ಆಲ್ಬಮ್ ಸಾಕಾಗಿತ್ತು. ಹೆಚ್ಚು ಹೊರತಂದರೆ ತಮ್ಮ ಸರಕೇ ತಮ್ಮ ಸರಕಿಗೆ ಸ್ಪರ್ಧಿಯಾಗುವುದೆಂಬ ಭಯ. ಉಳಿದ ಟೇಪುಗಳು ಕಪಾಟು ಸೇರಿದವು.

ಬೇಡಿಕೆಯಿದ್ದು ಪೂರೈಕೆಯಿಲ್ಲದಾಗ

ಬೇಡಿಕೆಯಿದ್ದು ಹಕ್ಕುದಾರನು ಪೂರೈಸದಿದ್ದರೆ ಬೇರೊಬ್ಬನು ಪೂರೈಸುತ್ತಾನೆ. ಸಭಾಂಗಣದಲ್ಲಿ ಗುಟ್ಟಾಗಿ ಮುದ್ರಿಸಿದ ಅಥವಾ ರೇಡಿಯೊ ಪ್ರಸಾರದಿಂದ ನಕಲು ಮಾಡಿದ ಸಂಗೀತವನ್ನು ಅನಧಿಕೃತವಾಗಿ ಮಾರುವ ಮುದ್ರಿಕೆಗೆ ‘ಬೂಟ್‌ಲೆಗ್’ ಎಂದು ಹೆಸರು. 1969ರಲ್ಲಿ ಬಾಬ್ ಡಿಲನ್ ಅವರ ಬಿಡುಗಡೆಯಾಗದ ಹಾಡುಗಳು ಬಿಳಿಯ ಹೊದಿಕೆಯಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದುದು ರಾಕ್ ಸಂಗೀತದಲ್ಲಿ ಈ ದಂಧೆಯ ಆರಂಭವೆನ್ನಬಹುದು. ಪಿಂಕ್ ಫ್ಲಾಯ್ಡ್ ತಂಡವು ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ಕೃತಿಯನ್ನು 1972ರ ಉದ್ದಕ್ಕೂ ವೇದಿಕೆಯ ಮೇಲೆ ನುಡಿಸಿ, 1973ರ ಮಾರ್ಚ್‌ನಲ್ಲಿ ಆಲ್ಬಮ್ ಹೊರತಂದಿತು. ಅಷ್ಟರಲ್ಲಾಗಲೇ ಅದರ ಕಳ್ಳ ಮುದ್ರಿಕೆ ಅಭಿಮಾನಿಗಳ ಕೈ ಸೇರಿತ್ತು. ಕಲಾವಿದರಿಗೆ ಅದರಿಂದ ಬಿಡಿಗಾಸೂ ಬರಲಿಲ್ಲ.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಸಾಮಾನ್ಯವಾಗಿ ನಕಲಿ ಮಾಲನ್ನು ಕೊಳ್ಳುವವನು ಅಗ್ಗಕ್ಕೆ ಆಸೆಪಟ್ಟು ಅಸಲಿಯನ್ನು ಬಿಡುತ್ತಾನೆ. ಬೂಟ್‌ಲೆಗ್ ಕೊಳ್ಳುವ ಅಭಿಮಾನಿ ಹಾಗಲ್ಲ. ಅಸಲಿ ಮುದ್ರಿಕೆಗಳೆಲ್ಲವೂ ಆತನ ಬಳಿ ಇರುತ್ತವೆ. ಅಸಲಿ ಸಿಗದಿರುವಲ್ಲಿ ಮಾತ್ರ ಆತ ಕಳಪೆ ಮಾಲಿಗೂ ಹಣ ತೆರುತ್ತಾನೆ. ಆದುದರಿಂದ ಬೂಟ್‌ಲೆಗ್ ವ್ಯಾಪಾರವು ಕಳ್ಳತನವೂ ಹೌದು, ಹಕ್ಕುದಾರನಿಗೆ ಪುಕ್ಕಟೆಯಾಗಿ ದೊರೆತ ಮಾರುಕಟ್ಟೆ ಸಮೀಕ್ಷೆಯೂ ಹೌದು. ಅಮೆರಿಕದ ಫ್ರಾಂಕ್ ಜಪ್ಪಾ ಇದನ್ನು ಮನಗಂಡು, 1991ರಲ್ಲಿ ತಮ್ಮದೇ ಸಂಗೀತದ ಬೂಟ್‌ಲೆಗ್‌ಗಳನ್ನು ಇದ್ದಂತೆಯೇ ನಕಲು ಮಾಡಿಸಿ ಅಧಿಕೃತವಾಗಿ ಮಾರಾಟಕ್ಕೆ ಬಿಡಿಸಿದರು.

ಕಿಂಗ್ ಕ್ರಿಮ್ಸನ್ ಅನುಸರಿಸಿದ ಕ್ರಮ

ಈ ಸಮೀಕ್ಷೆಯನ್ನು ಕ್ರಮಬದ್ಧವಾಗಿ ಬಳಸಿಕೊಂಡವರು ಕಿಂಗ್ ಕ್ರಿಮ್ಸನ್ ತಂಡದ ಗಿಟಾರ್ ವಾದಕ ರಾಬರ್ಟ್ ಫ್ರಿಪ್. ಸಭಿಕರು ಗುಟ್ಟಾಗಿ ಧ್ವನಿಮುದ್ರಣ ಮಾಡುವುದನ್ನು ಅವರು ಕಟುವಾಗಿ ವಿರೋಧಿಸುತ್ತಿದ್ದರು. ಆದರೆ ವಿರೋಧಿಸಿ ಸುಮ್ಮನೆ ಕೂಡಲಿಲ್ಲ. 1992ರಲ್ಲಿ ಡೇವಿಡ್ ಸಿಂಗಲ್‌ಟನ್ ಅವರೊಡನೆ ಡಿಸಿಪ್ಲಿನ್ ಗ್ಲೋಬಲ್ ಮೊಬೈಲ್ ಎಂಬ ಸಣ್ಣ ಸಂಸ್ಥೆಯನ್ನು ಸ್ಥಾಪಿಸಿದರು. ಅದೇ ವರ್ಷ ತಂಡದ 1973-74ರ ಕಚೇರಿಗಳ ನಾಲ್ಕು ಸಿ.ಡಿ.ಗಳ ಸಂಪುಟವೂ ಹೊರಬಂದಿತು.

1973ರ ನವೆಂಬರ್ 23ರಂದು ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ ನಡೆದ ಕಚೇರಿಯ ಕಥೆ ಬೋಧಪ್ರದವಾಗಿದೆ. ಅದರ ಹಲವು ಭಾಗಗಳನ್ನು, ಸಭಿಕರ ಸದ್ದನ್ನು ತೆಗೆದುಹಾಕಿ, 1974ರ ಆಲ್ಬಮ್‌ನಲ್ಲಿ ಬಳಸಲಾಗಿತ್ತು. ಪೂರ್ಣ ಕಚೇರಿಯು ಅಧಿಕೃತವಾಗಿ ಅಂಗಡಿಗೆ ಬಂದುದು 1997ರಲ್ಲಿ, ‘ದಿ ನೈಟ್ ವಾಚ್’ ಎಂಬ ಹೆಸರಿನಲ್ಲಿ. ಅಂದರೆ ಒಂದೇ ಕಚ್ಚಾ ಸಾಮಗ್ರಿಯಿಂದ ಇಪ್ಪತ್ತಮೂರು ವರ್ಷಗಳ ಅಂತರದಲ್ಲಿ ಎರಡು ಸರಕುಗಳು ಸಿದ್ಧವಾದವು.

ಸಂಸ್ಥೆಯ ಮಾರಾಟವನ್ನು ಒಟ್ಟಾಗಿ ನೋಡಿದರೆ ಮೂರು ದರ್ಜೆಗಳು ಕಾಣುತ್ತವೆ.

1. ಮಹತ್ವದ, ಉತ್ತಮ ಧ್ವನಿಯ ಕಚೇರಿಗಳನ್ನು ಅಂಗಡಿಗಳ ಮೂಲಕ ಮಾರಿದರು.

2. ಸಾಧಾರಣ ಧ್ವನಿಯ, ಆದರೆ ಅಭಿಮಾನಿಗಳಿಗೆ ಬೇಕಾದ ಟೇಪುಗಳಿಗಾಗಿ 1998ರಲ್ಲಿ ‘ಕಲೆಕ್ಟರ್ಸ್ ಕ್ಲಬ್’ ಎಂಬ ಚಂದಾದಾರರ ಕೂಟವನ್ನು ಆರಂಭಿಸಿದರು. ಮೊದಲ ಸಿ.ಡಿ. 1969ರ ಲಂಡನ್ನಿನ ಮಾರ್ಕೀ ಕ್ಲಬ್ ಕಚೇರಿಯದು. ಚಂದಾ ಪದ್ಧತಿಯ ಅನುಕೂಲವನ್ನು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ಎಷ್ಟು ಪ್ರತಿ ಬೇಕೆಂಬುದು ಮೊದಲೇ ತಿಳಿಯುತ್ತದೆ, ಹಣ ಮುಂಗಡವಾಗಿ ಬರುತ್ತದೆ. ಸರಕು ತಲುಪಿಸುವವರೆಗೆ ಆ ಹಣ ಆದಾಯವಲ್ಲ, ಹೊಣೆ ಎಂಬುದನ್ನು ಮಾತ್ರ ಮರೆಯಬಾರದು.

3. ಉಳಿದವನ್ನು 2005ರಿಂದ ಅಂತರಜಾಲದ ಮೂಲಕ, ಮುದ್ರಣವೆಚ್ಚವಾಗಲಿ ಗೋದಾಮಾಗಲಿ ಇಲ್ಲದೆ ಮಾರತೊಡಗಿದರು.

1972ರ ‘ಅರ್ಥ್‌ಬೌಂಡ್’ ಆಲ್ಬಮ್ ಅನ್ನು ಕ್ಯಾಸೆಟ್ಟಿನಲ್ಲಿ ಮುದ್ರಿಸಿದ್ದುದರಿಂದ ಧ್ವನಿ ಕಳಪೆಯೆಂದು ಅಮೆರಿಕದ ಕಂಪನಿ ಬಿಡುಗಡೆ ಮಾಡಲೊಪ್ಪಿರಲಿಲ್ಲ. ಅದೇ ಕಾಲದ ಟೇಪುಗಳಿಗೆ ಮುಂದೆ ಕೊಳ್ಳುವವರು ದೊರೆತರು. 2012ರಲ್ಲಿ 15 ಡಿಸ್ಕ್‌ಗಳ ಪೆಟ್ಟಿಗೆಯೂ 2014ರಲ್ಲಿ 27 ಡಿಸ್ಕ್‌ಗಳ ಪೆಟ್ಟಿಗೆಯೂ ಹೊರಬಂದವು. ಸಾವಿರ ಜನರಿಗೆ ಒಂದೊಂದು ಮಾರುವ ಬದಲು ಕೆಲವೇ ಜನರಿಗೆ ಇಪ್ಪತ್ತೇಳನ್ನು ಒಟ್ಟಿಗೆ ಮಾರುವ ವ್ಯಾಪಾರವಿದು. ದೊಡ್ಡ ಕಂಪನಿಗೆ ಇದು ಕ್ಷುಲ್ಲಕ, ಸಣ್ಣ ಸಂಸ್ಥೆಗೆ ಜೀವನಾಧಾರ.

ಹಕ್ಕು ಯಾರದು?

ಟೇಪು ಕೈಯಲ್ಲಿದ್ದ ಮಾತ್ರಕ್ಕೆ ಮಾರುವ ಹಕ್ಕು ಬರುವುದಿಲ್ಲ. ಧ್ವನಿಮುದ್ರಣದ ಹಕ್ಕು ಒಬ್ಬರಲ್ಲಿ, ರಚನೆಯ ಹಕ್ಕು ಮತ್ತೊಬ್ಬರಲ್ಲಿ, ಟೇಪಿನ ಸುರುಳಿ ಮೂರನೆಯವರಲ್ಲಿ ಇರುವುದುಂಟು. ಫ್ರಿಪ್ ಅವರು 1990ರ ದಶಕದಲ್ಲಿ ತಮ್ಮ ಹಿಂದಿನ ನಿರ್ವಾಹಕರೊಡನೆ ವರ್ಷಗಟ್ಟಲೆ ವ್ಯಾಜ್ಯ ನಡೆಸಬೇಕಾಯಿತು. ಆದುದರಿಂದಲೇ ಅವರ ಸಂಸ್ಥೆಯು ಧ್ವನಿಮುದ್ರಣದ ಹಕ್ಕು ಕಲಾವಿದರಲ್ಲಿಯೇ ಉಳಿಯತಕ್ಕದ್ದೆಂಬುದನ್ನು ಮೂಲನಿಯಮವಾಗಿ ಸ್ವೀಕರಿಸಿತು.

ಹಕ್ಕಿಗೆ ಕಾಲಮಿತಿಯೂ ಉಂಟು. ಯುರೋಪಿಯನ್ ಒಕ್ಕೂಟದ 2011ರ ನಿರ್ದೇಶನವು ಧ್ವನಿಮುದ್ರಣದ ರಕ್ಷಣೆಯನ್ನು 50ರಿಂದ 70 ವರ್ಷಗಳಿಗೆ ಏರಿಸಿತು. ಆದರೆ ಮುದ್ರಿಸಿದ 50 ವರ್ಷಗಳೊಳಗೆ ಪ್ರಕಟವಾಗದೆ ಉಳಿದುದಕ್ಕೆ ಈ ಲಾಭವಿಲ್ಲ, ಇದ್ದ ರಕ್ಷಣೆಯೂ ಮುಗಿಯುತ್ತದೆ. 2021 ಮತ್ತು 2022ರ ಡಿಸೆಂಬರ್‌ನಲ್ಲಿ ಪಿಂಕ್ ಫ್ಲಾಯ್ಡ್ ತಂಡದ 1970ರ ದಶಕದ ಆರಂಭದ ಹಲವು ಕಚೇರಿಗಳು ಯಾವ ಪ್ರಚಾರವೂ ಇಲ್ಲದೆ ಅಂತರಜಾಲದಲ್ಲಿ ಕಾಣಿಸಿಕೊಂಡುದಕ್ಕೆ ಈ ಗಡುವೇ ಕಾರಣವೆಂದು ಸಂಗೀತ ವಲಯದಲ್ಲಿ ಅರ್ಥೈಸಲಾಯಿತು. 2025ರ ಡಿಸೆಂಬರ್‌ನಲ್ಲಿ ಹೊರಬಂದ ಅದೇ ತಂಡದ ಸಂಪುಟವೊಂದರಲ್ಲಿ, 1975ರಲ್ಲಿ ಲಾಸ್ ಏಂಜಲೀಸ್‌ನ ಸಭಾಂಗಣದಲ್ಲಿ ಮೈಕ್ ಮಿಲ್ಲಾರ್ಡ್ ಎಂಬ ಅಭಿಮಾನಿ ಗುಟ್ಟಾಗಿ ಮಾಡಿದ್ದ ಧ್ವನಿಮುದ್ರಣವೂ ಸೇರಿತು. ಅಂದು ಕಳ್ಳ ಮಾಲೆನಿಸಿದ್ದುದು ಐವತ್ತು ವರ್ಷಗಳ ಬಳಿಕ ಅಧಿಕೃತ ಸರಕಾಯಿತು.

ನಮ್ಮ ಕಾಯಿದೆಯಲ್ಲಿಯೂ ಇಂತಹ ಗಡುವುಗಳಿವೆ. 1957ರ ಕೃತಿಸ್ವಾಮ್ಯ ಕಾಯಿದೆಯ 19ನೆಯ ಪ್ರಕರಣದಂತೆ ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು. ಅವಧಿ ನಮೂದಿಸದಿದ್ದರೆ ಅದನ್ನು ಐದು ವರ್ಷವೆಂದೇ ಪರಿಗಣಿಸಲಾಗುತ್ತದೆ. ತಯಾರಕರಿಗೆ ಇದಕ್ಕಿಂತ ಮುಖ್ಯವಾದುದು 15ನೆಯ ಪ್ರಕರಣ. ವಿನ್ಯಾಸ ಕಾಯಿದೆಯಡಿ ನೋಂದಾಯಿಸಬಹುದಾಗಿದ್ದ ವಿನ್ಯಾಸವನ್ನು ನೋಂದಾಯಿಸದೆ, ಅದರಂತೆ ಐವತ್ತಕ್ಕಿಂತ ಹೆಚ್ಚು ವಸ್ತುಗಳನ್ನು ಕೈಗಾರಿಕಾ ವಿಧಾನದಿಂದ ತಯಾರಿಸಿದರೆ ಅದರ ಮೇಲಿನ ಕೃತಿಸ್ವಾಮ್ಯ ಕೊನೆಗೊಳ್ಳುತ್ತದೆ.

ನಾನು ಕಲಿತ ಪಾಠ

ಇದನ್ನು ಬರೆಯಲು ನನ್ನದೇ ತಪ್ಪೊಂದು ಪ್ರೇರಣೆ. ಹಲವು ವರ್ಷಗಳ ಹಿಂದೆ ನನ್ನ ಕಕ್ಷಿದಾರರೊಬ್ಬರ ಎರಕದ ಕಾರ್ಖಾನೆಯಲ್ಲಿ, ತಯಾರಿಕೆ ನಿಲ್ಲಿಸಿದ ಪಂಪುಗಳ ಮರದ ಪ್ಯಾಟರ್ನ್‌ಗಳು ಒಂದು ಕೋಣೆ ತುಂಬ ಬಿದ್ದಿದ್ದವು. ಪುಸ್ತಕದಲ್ಲಿ ಅವುಗಳ ಮೌಲ್ಯ ಶೂನ್ಯವಾಗಿತ್ತು. ಜಾಗ ತೆರವಾಗಲೆಂದು ಅವನ್ನು ಗುಜರಿಗೆ ಹಾಕುವಂತೆ ಸಲಹೆ ನೀಡಿದವನು ನಾನೇ. ಎರಡು ವರ್ಷ ಕಳೆಯುವುದರೊಳಗೆ ಹಳೆಯ ಗ್ರಾಹಕರು ಬಿಡಿಭಾಗ ಕೇಳಿಕೊಂಡು ಬರತೊಡಗಿದರು. ಇಲ್ಲವೆನ್ನಬೇಕಾಯಿತು. ಬೇರೊಂದು ವರ್ಕ್‌ಶಾಪ್ ಹಳೆಯ ಭಾಗಗಳನ್ನೇ ನೋಡಿ ನಕಲು ಮಾಡಿ ಮಾರಿತು. ಕಕ್ಷಿದಾರರು ನನ್ನನ್ನು ದೂರಲಿಲ್ಲ. ಆದರೆ ಆ ಕೋಣೆಯ ಪಕ್ಕದಲ್ಲಿ ಹಾದುಹೋಗುವಾಗಲೆಲ್ಲ ನನಗೆ ಆ ಸಲಹೆ ನೆನಪಾಗುತ್ತದೆ.

ಎಲ್ಲ ಹಳೆಯ ಸರಕೂ ಚಿನ್ನವಲ್ಲ. ಕೇಳುವವರಿಲ್ಲದ ಟೇಪು ಟೇಪಾಗಿಯೇ ಉಳಿಯುತ್ತದೆ. ಆದುದರಿಂದ ವಿಲೇವಾರಿಗೆ ಮುನ್ನ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳಿತು:

1. ಇದನ್ನು ಕಳೆದ ಮೂರು ವರ್ಷಗಳಲ್ಲಿ ಯಾರಾದರೂ ಕೇಳಿದ್ದಾರೆಯೇ? ಕೇಳಿದವರ ಹೆಸರನ್ನು ಬರೆದಿಟ್ಟಿದ್ದೇವೆಯೇ?

2. ಇದರ ನಕಲು ಪೇಟೆಯಲ್ಲಿ ಮಾರಾಟವಾಗುತ್ತಿದೆಯೇ? ಆಗುತ್ತಿದ್ದರೆ ಬೇಡಿಕೆಗೆ ಬೇರೆ ಸಾಕ್ಷಿ ಬೇಡ.

3. ಹಕ್ಕು ನಮ್ಮದೆಂಬುದಕ್ಕೆ ಲಿಖಿತ ದಾಖಲೆ ಇದೆಯೇ? ನೋಂದಣಿಯ ಅಥವಾ ರಕ್ಷಣೆಯ ಗಡುವು ಯಾವಾಗ?

4. ಮುಂಗಡ ಪಡೆದು, ಬೇಕಾದಷ್ಟನ್ನೇ ತಯಾರಿಸಿ ಕೊಡಲು ಸಾಧ್ಯವೇ?

ಸಂಸ್ಥೆಯೊಳಗೇ ಬೆಳೆದ ಹೆಸರು, ಗ್ರಾಹಕರ ಪಟ್ಟಿ ಇಂತಹವನ್ನು ಆಸ್ತಿಯೆಂದು ತೋರಿಸಲು ಲೆಕ್ಕಪತ್ರ ಮಾನಕ 26 ಅವಕಾಶ ಕೊಡುವುದಿಲ್ಲ. ಆದರೆ ಪ್ರತ್ಯೇಕ ವಹಿಯಲ್ಲಿ ಬರೆದಿಡಲು ಯಾವ ಮಾನಕದ ಅಡ್ಡಿಯೂ ಇಲ್ಲ. ಬರುವ ಮಾರ್ಚ್ 31ರ ದಾಸ್ತಾನು ಪಟ್ಟಿ ಸಿದ್ಧಪಡಿಸುವಾಗ ವ್ಯಾಪಾರಿ ಬಾಂಧವರು ‘ಕೇಳಿಕೊಂಡು ಬಂದವರು’ ಎಂಬ ಒಂದು ಕಲಮನ್ನು ಹೆಚ್ಚಾಗಿ ಸೇರಿಸಿಕೊಳ್ಳಬೇಕೆಂದು ನನ್ನ ವಿನಂತಿ.